ಲಾವಾ ಬಂದರೆ ಓಡಿಬಿಡ್ತೀರಾ?

ಪ್ರಶ್ನೆ: ಜ್ವಾಲಾಮುಖಿ ಉಕ್ಕುವುದನ್ನು ಎಷ್ಟು ಹತ್ತಿರದಿಂದ ನೋಡಬಹುದು? ಲಾವಾ ನಿಧಾನವಾಗಿ ಹರಿಯುತ್ತದೆ, ಬಂದರೆ ಓಡಿಬಿಡಬಹುದು ಅಲ್ವಾ?

ಮತ್ತೆ ಬಂತು ಈ ಪ್ರಶ್ನೆ. ಐಸ್‌ಲ್ಯಾಂಡಿನ ವಿಡಿಯೊ ವಾಟ್ಸಾಪಿನಲ್ಲಿ ಒಂದು ಸುತ್ತು ಹಾಕಿದಾಗಲೆಲ್ಲ ಬರುತ್ತದೆ. ಮೊದಲ ಭಾಗಕ್ಕೆ ಚಿಕ್ಕ ಉತ್ತರ: ಬೆಟ್ಟ ಯಾವುದು ಅಂತ ನೋಡಿ ಹೇಳಬೇಕು. 2021ರಲ್ಲಿ ಐಸ್‌ಲ್ಯಾಂಡಿನ ಫಾಗ್ರಾದಾಲ್ಸ್‌ಫ್ಯಾಲ್ ಉಕ್ಕಿದಾಗ ಜನ ಲಾವಾದ ಅಂಚಿಗೇ ಹೋಗಿ ಸಾಸೇಜ್ ಸುಟ್ಟುಕೊಂಡು ತಿಂದರು. 1991ರಲ್ಲಿ ಜಪಾನಿನ ಉನ್‌ಝೆನ್‌ನಲ್ಲಿ ಶಿಖರದಿಂದ ಕಿಲೋಮೀಟರುಗಟ್ಟಲೆ ದೂರ ನಿಂತವರೂ ಉಳಿಯಲಿಲ್ಲ.

ಇನ್ನು ಆ 'ಓಡಿಬಿಡಬಹುದು'. ಎಷ್ಟು ಸಲ ಹೇಳಿದರೂ ಇದು ಸಾಯುವುದಿಲ್ಲ. ಲಾವಾ ಸಾಮಾನ್ಯವಾಗಿ ನಿಧಾನ, ಒಪ್ಪಿದೆ. ಆದರೆ ನೋಡಲು ಹೋದವರನ್ನು ಕೊಂದದ್ದು ಬಹುತೇಕ ಲಾವಾ ಅಲ್ಲವೇ ಅಲ್ಲ.

ಉನ್‌ಝೆನ್‌ನದನ್ನೇ ತೆಗೆದುಕೊಳ್ಳಿ. ಹವಾಯಿಯ ಲಾವಾ ಎಳೆಪಾಕವಾದರೆ ಅಲ್ಲಿನದು ಉಂಡೆಪಾಕ. ಹರಿಯುವುದಿಲ್ಲ, ತುದಿಯಲ್ಲೇ ಗುಡ್ಡೆ ಕಟ್ಟುತ್ತದೆ. ಗುಡ್ಡೆಯ ಅಂಚು ಕುಸಿದರೆ ಕಲ್ಲು, ಬೂದಿ, ಕಾದ ಅನಿಲ ಎಲ್ಲ ಸೇರಿ ಇಳಿಜಾರಿನಲ್ಲಿ ನುಗ್ಗುತ್ತವೆ. ಇದೇ ಪೈರೋಕ್ಲಾಸ್ಟಿಕ್ ಹರಿವು. ಜೂನ್ 3ರಂದು ಅದರ ಭಾರದ ಭಾಗ ಕಣಿವೆಯಲ್ಲೇ ಉಳಿಯಿತು. ಮೇಲಿದ್ದ ಬಿಸಿ ಮೋಡ ಮಾತ್ರ ಬೇರೆಯಾಗಿ ದಿಣ್ಣೆಯ ಮೇಲೆ ಹತ್ತಿತು. ದಿಣ್ಣೆಯ ಮೇಲೆ ಪತ್ರಕರ್ತರಿದ್ದರು, ಅಗ್ನಿಶಾಮಕದವರಿದ್ದರು. ಜೀವನವಿಡೀ ಜ್ವಾಲಾಮುಖಿಗಳನ್ನೇ ಚಿತ್ರೀಕರಿಸಿದ್ದ ಫ್ರಾನ್ಸಿನ ಕಾತಿಯಾ ಮತ್ತು ಮೊರೀಸ್ ಕ್ರಾಫ್ಟ್ ದಂಪತಿ ಕೂಡ ಇದ್ದರು. 43 ಜನ ಸತ್ತರು. ಲಾವಾ ಅವರ ಹತ್ತಿರಕ್ಕೂ ಬಂದಿರಲಿಲ್ಲ. ಇಂಥ ಹರಿವು ಗಂಟೆಗೆ 100 ಕಿ.ಮೀ. ದಾಟುವುದು ಮಾಮೂಲಿ. ಉಸೇನ್ ಬೋಲ್ಟ್ ಅತಿ ಜೋರಾಗಿ ಓಡಿದ ಕ್ಷಣದಲ್ಲಿ ಮುಟ್ಟಿದ್ದು ಸುಮಾರು 44, ಅದೂ ಸಪಾಟಾದ ಟ್ರ್ಯಾಕಿನಲ್ಲಿ. ಈಗ ಹೇಳಿ, ಓಡ್ತೀರಾ?

ಲಾವಾ ಹೊರಗೆ ಬರದೆಯೂ ಜನ ಸತ್ತಿದ್ದಾರೆ. ನ್ಯೂಜಿಲೆಂಡಿನ ವಕಾರಿ ದ್ವೀಪದಲ್ಲಿ 2019ರ ಡಿಸೆಂಬರ್ 9ರಂದು ನೆಲದೊಳಗಿನ ಬಿಸಿನೀರು ಒಮ್ಮೆಲೇ ಹಬೆಯಾಗಿ ಸಿಡಿಯಿತು. ದ್ವೀಪದಲ್ಲಿದ್ದ 47 ಜನರಲ್ಲಿ 22 ಮಂದಿ ಹೋದರು. ಜಪಾನಿನ ಒಂತಾಕೆ ಬೆಟ್ಟವೂ 2014ರಲ್ಲಿ ಹೀಗೇ ಸಿಡಿಯಿತು; ಸತ್ತವರು, ಕಾಣೆಯಾದವರು ಸೇರಿ 63. ಶನಿವಾರ ಮಧ್ಯಾಹ್ನ, ಎಲೆ ಬಣ್ಣ ತಿರುಗುವ ಕಾಲ, ಚಾರಣಿಗರ ಜಾತ್ರೆ. ಆ ದಿನ ಎಚ್ಚರಿಕೆ ಮಟ್ಟ ಅತಿ ಕೆಳಗಿನ 1ರಲ್ಲೇ ಇತ್ತು.

ಹೋಗಲಿ, ಲಾವಾ ಆದರೂ ಯಾವಾಗಲೂ ನಿಧಾನವೇ? ಕಾಂಗೋದ ನೈರಾಗೊಂಗೊದಲ್ಲಿ 1977ರಲ್ಲಿ ಬಾಯಿತುಂಬ ಇದ್ದ ಲಾವಾ ಕೆರೆ ಪಕ್ಕದ ಬಿರುಕುಗಳಿಂದ ಸೋರಿ, ಕಾರಿನ ವೇಗದಲ್ಲಿ ಹಳ್ಳಿಗಳಿಗೆ ನುಗ್ಗಿತು. ತೆಳ್ಳಗಿನ ಲಾವಾ, ಕಡಿದಾದ ಇಳಿಜಾರು, ಅಷ್ಟೇ ಸಾಕಾಯಿತು.

ಹಾಗಾದರೆ ನೋಡುವುದೇ ಬೇಡವೇ? ನೋಡಿ. ಲಾವಾ ತೆಳ್ಳಗೆ ಹರಿಯುವ, ಆದರೆ ಇಳಿಜಾರು ಕಡಿದಾಗಿರದ ಬೆಟ್ಟ ಆರಿಸಿಕೊಳ್ಳಿ, ಅಲ್ಲಿಯವರು ಹಾಕಿದ ಗೆರೆ ದಾಟಬೇಡಿ. ಗಾಳಿ ನಿಮ್ಮ ಬೆನ್ನಿಗಿರಲಿ. ಗಾಳಿ ನಿಂತ ದಿನ ತಗ್ಗಿನಲ್ಲಿ ಕೂರಬೇಡಿ, ಇಂಗಾಲದ ಡೈ ಆಕ್ಸೈಡ್ ಅಲ್ಲೇ ಶೇಖರವಾಗುತ್ತದೆ. ನಮ್ಮ ದೇಶದ್ದೇ ಬೇಕೆಂದರೆ ಅಂಡಮಾನಿನ ಬ್ಯಾರನ್ ದ್ವೀಪ ಇದೆ. ಪ್ರವಾಸಿಗರು ಇಳಿಯುವಂತಿಲ್ಲ, ದೋಣಿಯಿಂದಲೇ ನೋಡಬೇಕು.

ಇಷ್ಟೆಲ್ಲ ಇದ್ದರೂ ವಿಜ್ಞಾನಿಗಳು ಅಷ್ಟು ಹತ್ತಿರ ಯಾಕೆ ಹೋಗುತ್ತಾರೆ? ಇದನ್ನು ಯಾರೂ ಕೇಳುವುದಿಲ್ಲ, ನನಗೆ ಬೇಜಾರು. ಹವಾಯಿಯ ಕಿಲಾವೆಯಾದಲ್ಲಿ ಅವರ ಕೈಯಲ್ಲಿರುವುದು ಒಂದು ಸುತ್ತಿಗೆ, ಒಂದು ಬಕೆಟ್ ನೀರು. ಹರಿಯುವ ಲಾವಾದ ಮೇಲಿನ ಕರಿ ಕೆನೆ ಒಡೆದು, ಕೆಂಪು ಮುದ್ದೆಯನ್ನು ಸುತ್ತಿಗೆಯ ಮೂತಿಯಲ್ಲಿ ಎಳೆದು, ತಕ್ಷಣ ನೀರಿಗೆ ಅದ್ದುತ್ತಾರೆ. ಚುಂಯ್ ಅಂತ ಸದ್ದು, ಮುಖದ ತುಂಬ ಹಬೆ. ಸುಮ್ನೆ ಆರಲು ಬಿಟ್ಟರೆ ಒಳಗೆ ಹರಳುಗಳು ಬೆಳೆದುಬಿಡುತ್ತವೆ. ನೀರಿಗೆ ಬಿದ್ದರೆ ಇದ್ದದ್ದು ಇದ್ದ ಹಾಗೇ ಗಾಜಾಗುತ್ತದೆ. ಆ ಗಾಜಿನಲ್ಲಿ ಮೆಗ್ನೀಷಿಯಂ ಜಾಸ್ತಿ ಇದ್ದಷ್ಟೂ ಲಾವಾ ಜಾಸ್ತಿ ಬಿಸಿಯಿತ್ತು ಎಂದರ್ಥ. ಕಿಲಾವೆಯಾದ ಲಾವಾ ಸುಮಾರು 1,150 ಡಿಗ್ರಿ ಸೆಲ್ಸಿಯಸ್ ಎಂಬ ಲೆಕ್ಕವನ್ನು ಇಂಥ ಗಾಜಿನ ಚೂರುಗಳೂ ಹೇಳುತ್ತವೆ.