ಹ್ಯಾಗಿಸ್: ಬಡವರ ಅಡುಗೆ ಸ್ಕಾಟ್ಲೆಂಡಿನ ಗುರುತಾದ ಕಥೆ

ಜನವರಿ 25ರ ರಾತ್ರಿ ಸ್ಕಾಟ್ಲೆಂಡಿನ ಊರೂರಿನಲ್ಲಿ ಒಂದು ಊಟ ನಡೆಯುತ್ತದೆ. ಎಲ್ಲರೂ ಮೇಜಿನ ಸುತ್ತ ಎದ್ದು ನಿಲ್ಲುತ್ತಾರೆ. ಬಾಗಿಲ ಕಡೆಯಿಂದ ಬ್ಯಾಗ್‌ಪೈಪ್ ಸದ್ದು ಬರುತ್ತದೆ. ವಾದ್ಯದವನು ಮುಂದೆ, ದೊಡ್ಡ ತಟ್ಟೆ ಹಿಡಿದ ಅಡುಗೆಯವರು ಅವನ ಹಿಂದೆ. ತಟ್ಟೆಯಲ್ಲಿ ಬೂದು ಬಣ್ಣದ, ದುಂಡಗೆ ಉಬ್ಬಿದ ಒಂದು ಗಂಟು. ಅದನ್ನು ಮೇಜಿನ ಮೇಲೆ ಇಟ್ಟ ಕೂಡಲೇ ಒಬ್ಬರು ಅದರ ಎದುರು ನಿಂತು, ಅದನ್ನೇ ನೋಡುತ್ತಾ, ಪದ್ಯ ಹೇಳತೊಡಗುತ್ತಾರೆ. ಎಂಟು ನುಡಿಗಳ ಪದ್ಯ. ಮೂರನೇ ನುಡಿಗೆ ಬಂದಾಗ ಚಾಕು ಹೊರಬರುತ್ತದೆ. ಒಂದೇ ಏಟಿಗೆ ಗಂಟು ಸೀಳಿ, ಒಳಗಿನ ಬಿಸಿ ಹೂರಣ ಉಕ್ಕಿ, ಹಬೆ ಮೇಲೇಳುತ್ತದೆ. ಜನ ಚಪ್ಪಾಳೆ ತಟ್ಟುತ್ತಾರೆ.

ಆ ಗಂಟಿನ ಹೆಸರು ಹ್ಯಾಗಿಸ್. ಪದ್ಯ ಬರೆದವನು ರಾಬರ್ಟ್ ಬರ್ನ್ಸ್. ಅಂದು ಅವನ ಹುಟ್ಟುಹಬ್ಬ.

ಊಟಕ್ಕೆ ಮುಂಚೆ ಊಟಕ್ಕೇ ಪದ್ಯ ಓದುವ ನಾಡು ಇನ್ನೊಂದಿದೆಯೋ ಇಲ್ಲವೋ, ನನಗಂತೂ ನೆನಪಿಗೆ ಬರುತ್ತಿಲ್ಲ. ಇದು ಹೀಗೇಕಾಯಿತು ಅಂತ ಹುಡುಕುತ್ತಾ ಹೋದರೆ ಅಡುಗೆಮನೆಯ ಜೊತೆಗೆ ಒಂದು ನಾಡಿನ ಸೋಲು, ಭಾಷೆ, ಸ್ವಾಭಿಮಾನ ಎಲ್ಲವೂ ಎದುರಾಗುತ್ತವೆ.

ಮೊದಲು ಅಡುಗೆಯನ್ನೇ ನೋಡೋಣ. ಕುರಿ ಕಡಿದಾಗ ಒಳ್ಳೆಯ ಮಾಂಸ ಮಾರಾಟಕ್ಕೋ ಜಮೀನುದಾರನ ಮನೆಗೋ ಹೋಗುತ್ತಿತ್ತು. ಬಡವರಿಗೆ ಉಳಿಯುತ್ತಿದ್ದದ್ದು ಗುಂಡಿಗೆ, ಲಿವರ್, ಶ್ವಾಸಕೋಶ. ಇವು ಬೇಗ ಕೆಡುತ್ತವೆ, ಅವತ್ತೇ ಬೇಯಿಸಬೇಕು. ಹಳೆಯ ಪದ್ಧತಿಯಲ್ಲಿ ಮೂರನ್ನೂ ಬಿಡಿಸದೆ ಒಟ್ಟಿಗೆ ನೀರಿಗೆ ಹಾಕಿ, ಗಂಟಲ ಕೊಳವೆಯನ್ನು ಪಾತ್ರೆಯ ಅಂಚಿನಿಂದ ಹೊರಗೆ ಇಳಿಬಿಡುತ್ತಾರೆ. ಕುದಿಯುವಾಗ ಒಳಗಿನ ಕೊಳೆಯೆಲ್ಲ ಅದರ ಮೂಲಕ ಹೊರಗೆ ತೊಟ್ಟಿಕ್ಕಲಿ ಅಂತ. ಬೆಂದ ಮೇಲೆ ಸಣ್ಣಗೆ ಕೊಚ್ಚಿ, ಹುರಿದ ಓಟ್ಸ್ ನುಚ್ಚು, ಈರುಳ್ಳಿ, ಕುರಿ ಕೊಬ್ಬು, ಉಪ್ಪು, ಧಾರಾಳವಾಗಿ ಮೆಣಸು ಸೇರಿಸಿ ಕಲಸುತ್ತಾರೆ. ಅದನ್ನು ತೊಳೆದ ಕುರಿಯ ಹೊಟ್ಟೆಯ ಚೀಲಕ್ಕೆ ತುಂಬಿ, ಹೊಲಿದು, ಮತ್ತೆ ಗಂಟೆಗಟ್ಟಲೆ ಬೇಯಿಸುತ್ತಾರೆ. ಓಟ್ಸ್ ಉಬ್ಬುತ್ತದೆ ಅಂತ ಚೀಲವನ್ನು ಪೂರ್ತಿ ತುಂಬುವುದಿಲ್ಲ. ಜೊತೆಗೆ ಕಿವುಚಿದ ಆಲೂಗಡ್ಡೆ, ಹಳದಿ ಟರ್ನಿಪ್. ಅವರ ಮಾತಿನಲ್ಲಿ 'ನೀಪ್ಸ್ ಅಂಡ್ ಟ್ಯಾಟೀಸ್'. ನಮ್ಮಲ್ಲಿ ಬೋಟಿ ಗೊಜ್ಜು, ತಲೆಮಾಂಸ ಉಂಡು ಬೆಳೆದವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ಕಡಿದ ಪ್ರಾಣಿಯಲ್ಲಿ ಏನನ್ನೂ ಬಿಸಾಡದ ಮನೆಗಳ ಅಡುಗೆ ಇದು.

ಇಲ್ಲೊಂದು ತೊಡಕಿದೆ. ಬರಹದಲ್ಲಿ ಸಿಗುವ ಹ್ಯಾಗಿಸ್‌ನ ಹಳೆಯ ವಿಧಾನ ಸ್ಕಾಟ್ಲೆಂಡಿನದಲ್ಲ, ಇಂಗ್ಲೆಂಡಿನದು. 1430ರ ಸುಮಾರಿಗೆ ಲ್ಯಾಂಕಾಶೈರ್ ಕಡೆ ಪದ್ಯರೂಪದಲ್ಲಿ ಬರೆದ ಒಂದು ಅಡುಗೆ ಪುಸ್ತಕದಲ್ಲಿ ಅದು ಸಿಗುತ್ತದೆ. 1615ರಲ್ಲಿ ಗರ್ವೇಸ್ ಮಾರ್ಕಮ್ ಇಂಗ್ಲಿಷ್ ಗೃಹಿಣಿಯರಿಗಾಗಿ ಬರೆದ ಪುಸ್ತಕದಲ್ಲೂ ಇದರ ಮಾತಿದೆ. 2009ರಲ್ಲಿ ಕ್ಯಾಥರೀನ್ ಬ್ರೌನ್ ಎಂಬ ಸ್ಕಾಟಿಷ್ ಆಹಾರ ಇತಿಹಾಸಕಾರ್ತಿಯೇ ಇದನ್ನು ಎತ್ತಿ ತೋರಿಸಿದಾಗ ದೊಡ್ಡ ಗಲಾಟೆಯಾಯಿತು. ನನಗೆ ಆ ಜಗಳ ಅಷ್ಟು ಮುಖ್ಯ ಅನಿಸುವುದಿಲ್ಲ. ಇಂಗ್ಲೆಂಡಿನವರು ಈ ಅಡುಗೆಯನ್ನು ಕಾಲಕ್ರಮೇಣ ಕೈಬಿಟ್ಟರು. ಸ್ಕಾಟ್ಲೆಂಡಿನವರು ಬಿಡಲಿಲ್ಲ. ಬಡತನದಿಂದ ಬಿಡಲಾಗಲಿಲ್ಲ, ಆಮೇಲೆ ಅಭಿಮಾನದಿಂದ ಬಿಡಲಿಲ್ಲ. ಆ ಅಭಿಮಾನ ಹೇಗೆ ಹುಟ್ಟಿತು ಅನ್ನುವುದೇ ನಿಜವಾದ ಕಥೆ.

ಅದಕ್ಕೆ ಓಟ್ಸ್ ಕಡೆ ಹೋಗಬೇಕು. ಚಳಿ, ಮಳೆ, ತೆಳು ಮಣ್ಣು. ಗೋಧಿ ಸರಿಯಾಗಿ ಬಾರದ ಆ ನೆಲದಲ್ಲಿ ಕೈಹಿಡಿದದ್ದು ಓಟ್ಸ್ ಮತ್ತು ಬಾರ್ಲಿ. 14ನೇ ಶತಮಾನದ ಫ್ರೆಂಚ್ ಇತಿಹಾಸಕಾರ ಫ್ರ್ವಾಸಾರ್ ಸ್ಕಾಟಿಷ್ ಸೈನಿಕರ ಬಗ್ಗೆ ಬೆರಗಿನಿಂದ ಬರೆದಿದ್ದಾನೆ. ಅವರ ಹಿಂದೆ ಅಡುಗೆ ಗಾಡಿಗಳಿಲ್ಲ. ಒಬ್ಬೊಬ್ಬನ ಕುದುರೆಯ ಜೀನಿನ ಹತ್ತಿರ ಒಂದು ಚಪ್ಪಟೆ ಲೋಹದ ತಟ್ಟೆ, ಒಂದು ಚೀಲ ಓಟ್ಸ್ ಹಿಟ್ಟು. ಹಸಿವಾದಾಗ ಬೆಂಕಿ ಹಾಕಿ, ತಟ್ಟೆ ಕಾಯಿಸಿ, ಹಿಟ್ಟನ್ನು ಕಲಸಿ ತೆಳ್ಳಗೆ ಸುಟ್ಟು ತಿಂದು ಮುಂದೆ ಹೋಗುತ್ತಿದ್ದರು. ಇವತ್ತಿನ ಓಟ್‌ಕೇಕ್ ಕೂಡ ಹೆಚ್ಚುಕಮ್ಮಿ ಅದೇ.

ಮನೆಗಳಲ್ಲಿ ಅದೇ ಓಟ್ಸ್ ಗಂಜಿಯಾಗುತ್ತಿತ್ತು. ನೀರು, ಉಪ್ಪು, ನುಚ್ಚು, ಅಷ್ಟೇ. ತಿರುಗಿಸಲು 'ಸ್ಪರ್ಟಲ್' ಎಂಬ ಮರದ ಕೋಲು. ಒಮ್ಮೆಗೇ ಜಾಸ್ತಿ ಬೇಯಿಸಿ, ಅಡುಗೆಮನೆಯ ಬೀರುವಿನ ಖಾನೆಯೊಳಗೆ ಸುರಿದು, ಆರಿ ಗಟ್ಟಿಯಾದ ಮೇಲೆ ತುಂಡು ಕತ್ತರಿಸಿ ಹೊಲಕ್ಕೆ ಒಯ್ಯುತ್ತಿದ್ದರು ಎನ್ನುತ್ತಾರೆ. ಓದಲು ಪಟ್ಟಣಕ್ಕೆ ಬಂದ ರೈತರ ಮಕ್ಕಳೂ ಊರಿನಿಂದ ಹಿಟ್ಟಿನ ಮೂಟೆ ಹೊತ್ತು ತರುತ್ತಿದ್ದರು. ಮೂಟೆ ಖಾಲಿಯಾದಾಗ ಮನೆಗೆ ಹೋಗಿ ತುಂಬಿಸಿಕೊಂಡು ಬರಲೆಂದೇ ಹಳೆಯ ವಿಶ್ವವಿದ್ಯಾಲಯಗಳಲ್ಲಿ 'ಮೀಲ್ ಮಂಡೇ' ಎಂಬ ರಜೆ ಇತ್ತು. ಹಿಟ್ಟಿನ ಸೋಮವಾರ ಅನ್ನಬಹುದು. ಊರಿನಿಂದ ರಾಗಿ ಹಿಟ್ಟು ತಂದು ರೂಮಿನಲ್ಲಿ ಬೇಯಿಸಿಕೊಂಡು ಓದಿದವರಿಗೆ ಆ ರಜೆಯ ಬೆಲೆ ಗೊತ್ತಾಗುತ್ತದೆ, ಅಲ್ವಾ?

ಇದೇ ಓಟ್ಸ್ ಮೇಲೆ ಒಂದು ಚುಚ್ಚುಮಾತು ಬಂತು. 1755ರಲ್ಲಿ ಲಂಡನ್ನಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ಇಂಗ್ಲಿಷ್ ನಿಘಂಟು ಪ್ರಕಟಿಸಿದ. ಅದರಲ್ಲಿ ಓಟ್ಸ್ ಪದಕ್ಕೆ ಕೊಟ್ಟ ಅರ್ಥ ಇದು: ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಕುದುರೆಗೆ ಹಾಕುವ, ಸ್ಕಾಟ್ಲೆಂಡಿನಲ್ಲಿ ಜನರನ್ನು ಸಾಕುವ ಕಾಳು. ಆ ನಿಘಂಟಿನ ಕೆಲಸಕ್ಕೆ ಅವನ ಬಳಿ ಇದ್ದ ಆರು ಸಹಾಯಕರಲ್ಲಿ ಐವರು ಸ್ಕಾಟ್ಲೆಂಡಿನವರೇ. ಆ ಸಾಲನ್ನು ನೋಡಿದಾಗ ಅವರಿಗೆ ಏನನಿಸಿತ್ತೋ. ಲಾರ್ಡ್ ಎಲಿಬ್ಯಾಂಕ್ ಕೊಟ್ಟನೆಂದು ಹೇಳುವ ಉತ್ತರ ಮಾತ್ರ ಉಳಿದು ಬಂದಿದೆ: ಹೌದು, ಆದರೆ ಅಂಥ ಕುದುರೆಗಳು, ಅಂಥ ಮನುಷ್ಯರು ಬೇರೆಲ್ಲಿ ಸಿಗುತ್ತಾರೆ?

ಆ ಕಾಲದಲ್ಲಿ ಇಂಥ ಮಾತು ನೋಯಿಸುವುದಕ್ಕೆ ಕಾರಣವಿತ್ತು. 1707ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಮುಚ್ಚಿತ್ತು. ಎರಡು ದೇಶ ಸೇರಿ ಗ್ರೇಟ್ ಬ್ರಿಟನ್ ಆಗಿತ್ತು. 1746ರ ಏಪ್ರಿಲ್‌ನಲ್ಲಿ ಕಲೋಡನ್ ಬಯಲಿನಲ್ಲಿ ಜಾಕೊಬೈಟ್ ಬಂಡಾಯಗಾರರು, ಅಂದರೆ ಹಳೆಯ ಸ್ಟುವರ್ಟ್ ರಾಜವಂಶದ ಪರ ನಿಂತವರು, ಸೋತರು. ಅದೇ ವರ್ಷದ ಕಾನೂನು ಹೈಲ್ಯಾಂಡ್ ಎಂಬ ಉತ್ತರದ ಗುಡ್ಡಗಾಡಿನ ಗಂಡಸರು ತಮ್ಮ ಉಡುಪು ಉಡುವುದನ್ನೇ ಅಪರಾಧ ಮಾಡಿತು. 1782ರವರೆಗೂ ಅದು ಜಾರಿಯಲ್ಲಿತ್ತು. ಎಡಿನ್‌ಬರೋದ ದೊಡ್ಡ ಮನುಷ್ಯರಿಗೆ ತಮ್ಮ ಸ್ಕಾಟ್ಸ್ ಮಾತಿನ ಬಗ್ಗೆಯೇ ನಾಚಿಕೆ ಶುರುವಾಗಿತ್ತು. 1761ರಲ್ಲಿ ಐರ್ಲೆಂಡಿನ ಥಾಮಸ್ ಶೆರಿಡನ್ ಅಲ್ಲಿಗೆ ಬಂದು ಶುದ್ಧ ಇಂಗ್ಲಿಷ್ ಉಚ್ಚಾರದ ಪಾಠ ಹೇಳಿದಾಗ ಊರಿನ ಗಣ್ಯರೆಲ್ಲ ಹೋಗಿ ಕುಳಿತರು. ಬಳಸಬಾರದ ಸ್ಕಾಟ್ಸ್ ಪದಗಳ ಪಟ್ಟಿಗಳೇ ಅಚ್ಚಾಗುತ್ತಿದ್ದವು.

ಇಂಥ ಎಡಿನ್‌ಬರೋಗೆ 1786ರ ಕೊನೆಗೆ ಏರ್‌ಶೈರ್‌ನ ರೈತನೊಬ್ಬ ಬಂದ. ವಯಸ್ಸು 27. ಡಿಸೆಂಬರ್‌ನಲ್ಲಿ ಅಲ್ಲಿನ ಪತ್ರಿಕೆಯಲ್ಲಿ ಅವನ ಹ್ಯಾಗಿಸ್ ಪದ್ಯ ಅಚ್ಚಾಯಿತು, ಆ ನಾಚಿಕೆಯ ಸ್ಕಾಟ್ಸ್ ಭಾಷೆಯಲ್ಲೇ. ಬರ್ನ್ಸ್ ಹ್ಯಾಗಿಸ್ ಅನ್ನು ಹೂರಣ ತುಂಬಿದ ಅಡುಗೆಗಳ ಕುಲಕ್ಕೇ ಹಿರಿಯ ನಾಯಕ ಎಂದು ಕರೆದು ನಮಸ್ಕರಿಸುತ್ತಾನೆ. ಫ್ರೆಂಚ್ ರಾಗೂ, ಫ್ರಿಕಸೀ ತಿಂದು ಹ್ಯಾಗಿಸ್ ಕಡೆ ಮೂಗು ಮುರಿಯುವವರನ್ನು ನೋಡಿ, ಪಾಪ, ಒಣಗಿದ ಹುಲ್ಲಿನಂತಿದ್ದಾರೆ ಎನ್ನುತ್ತಾನೆ. ಹ್ಯಾಗಿಸ್ ತಿಂದ ಹಳ್ಳಿಯವನೋ, ಅವನು ಹೆಜ್ಜೆ ಇಟ್ಟರೆ ನೆಲ ನಡುಗುತ್ತದೆ. ಓದುವಾಗ ನಮಗೆ 'ಹಿಟ್ಟಂ ತಿಂದಂ ಬೆಟ್ಟವಂ ಕಿತ್ತಿಟ್ಟಂ' ನೆನಪಾಗದೆ ಇರುವುದಿಲ್ಲ. ಪದ್ಯದಲ್ಲಿ ನಗು ಇದೆ, ತುಂಬಾ ಇದೆ. ಆದರೆ ಯಾವ ಊಟಕ್ಕೆ, ಯಾವ ಮಾತಿಗೆ ಜನ ತಲೆತಗ್ಗಿಸುತ್ತಿದ್ದರೋ ಅವೆರಡನ್ನೂ ಒಂದೇ ತಟ್ಟೆಯಲ್ಲಿಟ್ಟು ತಲೆಯ ಮೇಲೆ ಹೊತ್ತು ತಂದ ಧೈರ್ಯವೂ ಅದರಲ್ಲಿದೆ.

ಬರ್ನ್ಸ್ 37ನೇ ವಯಸ್ಸಿನಲ್ಲಿ ತೀರಿಕೊಂಡ. 1801ರಲ್ಲಿ, ಅವನು ಸತ್ತು ಐದು ವರ್ಷವಾದಾಗ, ಒಂಬತ್ತು ಜನ ಅವನು ಹುಟ್ಟಿದ ಆಲೊವೇಯ ಗುಡಿಸಲಿನಲ್ಲಿ ಸೇರಿ ಕುರಿಯ ತಲೆಮಾಂಸ, ಹ್ಯಾಗಿಸ್ ಉಂಡು ಆ ಪದ್ಯ ಓದಿದರು. ಅದೇ ಮೊದಲ ಬರ್ನ್ಸ್ ಸಪ್ಪರ್. ಮುಂದೆ ಅದು ಹುಟ್ಟುಹಬ್ಬದ ದಿನಕ್ಕೆ ಹೋಯಿತು, ವಲಸೆ ಹೋದವರ ಜೊತೆ ಲೋಕವನ್ನೆಲ್ಲ ಸುತ್ತಿತು.

ಅಡುಗೆಯ ಈ ಗುರುತು ಜನರ ನಡುವೆ ಬೆಳೆಯಿತು. ಉಡುಪಿನ ಗುರುತು ಅರಮನೆಯ ಕಡೆಯಿಂದ ಬಂತು. 1822ರಲ್ಲಿ ಬ್ರಿಟನ್ನಿನ ರಾಜ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದಾಗ ಸ್ವಾಗತದ ಹೊಣೆ ಹೊತ್ತ ಕಾದಂಬರಿಕಾರ ಸರ್ ವಾಲ್ಟರ್ ಸ್ಕಾಟ್ ಎಲ್ಲರೂ ಟಾರ್ಟನ್ ಎಂಬ ಚೌಕುಳಿ ಬಟ್ಟೆ ಉಟ್ಟು ಬರಬೇಕೆಂದ. ರಾಜನೂ ಆ ಬಟ್ಟೆಯ ಕಿಲ್ಟ್, ಅಂದರೆ ಮೊಣಕಾಲುದ್ದದ ನೆರಿಗೆ ಲಂಗ, ಉಟ್ಟ. ಒಂದು ಕಾಲಕ್ಕೆ ಕಾನೂನು ಬಾಹಿರವಾಗಿದ್ದ ಬಟ್ಟೆ ಇಡೀ ನಾಡಿನ ಬಟ್ಟೆಯಾಯಿತು. ಅದೇ ವರ್ಷಗಳಲ್ಲಿ ಆ ಬಟ್ಟೆಯ ನಿಜವಾದ ಒಡೆಯರನ್ನು, ಹೈಲ್ಯಾಂಡ್ ರೈತರನ್ನು, ಕುರಿ ಮೇಯಿಸಲು ಜಾಗ ಬೇಕೆಂದು ಜಮೀನುದಾರರು ಹೊಲಮನೆಗಳಿಂದ ಹೊರದಬ್ಬುತ್ತಿದ್ದರು. ಕಡಲ ಬದಿಯ ತುಂಡು ನೆಲದಲ್ಲಿ ಆಲೂಗಡ್ಡೆ ನಂಬಿ ಬದುಕಿದವರಿಗೆ 1846ರಲ್ಲಿ ಬೆಳೆಗೆ ರೋಗ ಬಿದ್ದು ಅದೂ ಕೈಬಿಟ್ಟಿತು. ಕೆನಡಾ, ಆಸ್ಟ್ರೇಲಿಯಾದಲ್ಲಿ ಇವತ್ತು ಬರ್ನ್ಸ್ ಸಪ್ಪರ್ ಮಾಡುವ ಎಷ್ಟೋ ಕುಟುಂಬಗಳ ಹಿಂದೆ ಈ ಹಸಿವಿದೆ. ಅದನ್ನು ಮರೆತು ಕಿಲ್ಟ್ ಮಾತ್ರ ನೋಡುವುದು ಸರಿಯಲ್ಲ.

ವಿಸ್ಕಿಯದೂ ಹತ್ತಿರ ಹತ್ತಿರ ಇದೇ ಹಾದಿ. 1494ರ ರಾಜನ ಲೆಕ್ಕಪುಸ್ತಕದಲ್ಲಿ ಜಾನ್ ಕೋರ್ ಎಂಬ ಸನ್ಯಾಸಿಗೆ ಮದ್ಯ ಇಳಿಸಲು ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳು, ಕೊಟ್ಟ ದಾಖಲೆಯಿದೆ. ಬಹುಕಾಲ ಅದು ಮನೆಮನೆಯಲ್ಲಿ ಕದ್ದು ಇಳಿಸುವ ಸರಕಾಗಿತ್ತು. 1823ರ ಕಾನೂನು ಸುಂಕ ಇಳಿಸಿ ಪರವಾನಗಿ ಸುಲಭ ಮಾಡಿತು. ಆಮೇಲೆ ಸ್ಕಾಚ್ ಎಂಬ ಹೆಸರೇ ಆಸ್ತಿಯಾಯಿತು. ಸ್ಕಾಟ್ಲೆಂಡಿನಲ್ಲೇ ಇಳಿಸಿ, ಅಲ್ಲೇ ಕನಿಷ್ಠ ಮೂರು ವರ್ಷ ಓಕ್ ಪೀಪಾಯಿಯಲ್ಲಿ ಇಡದಿದ್ದರೆ ಅದು ಸ್ಕಾಚ್ ಅಲ್ಲ. ಈ ಹೆಸರಿನ ಜಗಳ ಬೆಂಗಳೂರಿಗೂ ಬಂದಿತ್ತು. ಇಲ್ಲಿನ ಖೋಡೆ ಕಂಪನಿ 1968ರಲ್ಲಿ ಶುರು ಮಾಡಿದ 'ಪೀಟರ್ ಸ್ಕಾಟ್' ವಿಸ್ಕಿಯ ಹೆಸರಿನ ಮೇಲೆ ಸ್ಕಾಚ್ ವಿಸ್ಕಿ ಅಸೋಸಿಯೇಷನ್ ತಕರಾರು ಎತ್ತಿತು. 2008ರಲ್ಲಿ ಸುಪ್ರೀಂ ಕೋರ್ಟ್, ಇಷ್ಟು ವರ್ಷ ಸುಮ್ಮನಿದ್ದು ಈಗ ಕೇಳುವಂತಿಲ್ಲ ಎಂದು ಖೋಡೆ ಪರ ತೀರ್ಪು ಕೊಟ್ಟಿತು. ಅದಕ್ಕೂ ಮುಂಚೆ, 2004ರಲ್ಲಿ, ಬೆಂಗಳೂರಿನ ಅಮೃತ್ ಕಂಪನಿ ತನ್ನ ಸಿಂಗಲ್ ಮಾಲ್ಟ್ ಅನ್ನು ಮೊದಲು ಮಾರುಕಟ್ಟೆಗೆ ಬಿಟ್ಟದ್ದು ಗ್ಲಾಸ್ಗೋದಲ್ಲಿ.

20ನೇ ಶತಮಾನದಲ್ಲಿ ಅಡುಗೆಯನ್ನು ನೇರವಾಗಿ ನಾಡಿನ ಪ್ರಶ್ನೆಯಾಗಿ ಕಂಡವರು ಒಬ್ಬ ಹೆಂಗಸು. ಆರ್ಕ್ನಿ ದ್ವೀಪದ ಫ್ಲಾರೆನ್ಸ್ ಮರಿಯನ್ ಮೆಕ್‌ನೀಲ್. ಹೆಂಗಸರ ಮತದ ಹಕ್ಕಿಗಾಗಿ ಹೋರಾಡಿದವರು. 1929ರಲ್ಲಿ ಅವರ 'ದ ಸ್ಕಾಟ್ಸ್ ಕಿಚನ್' ಬಂತು. ಹಳ್ಳಿಯ ಅಡುಗೆಗಳು, ಅವುಗಳ ಸ್ಕಾಟ್ಸ್ ಹೆಸರುಗಳು, ಹಬ್ಬದ ನಂಬಿಕೆಗಳು ಎಲ್ಲವನ್ನೂ ಮರೆಯಾಗುವ ಮುಂಚೆ ಹಿಡಿದಿಟ್ಟರು. ಸ್ಕಾಟ್ಸ್ ಭಾಷೆಯ ದೊಡ್ಡ ನಿಘಂಟಿನ ಕೆಲಸದಲ್ಲೂ ದುಡಿದರು. ಮುಂದೆ ಸ್ಕಾಟಿಷ್ ನ್ಯಾಷನಲ್ ಪಾರ್ಟಿಯ ಉಪಾಧ್ಯಕ್ಷರೂ ಆದರು. ಅಡುಗೆ, ಪದ, ರಾಜಕೀಯ ಮೂರೂ ಅವರಿಗೆ ಒಂದೇ ಕೆಲಸವಾಗಿತ್ತು. ಈ ಕಥೆಯಲ್ಲಿ ಬರ್ನ್ಸ್ ಆದಮೇಲೆ ನನಗೆ ತುಂಬಾ ಇಷ್ಟವಾಗುವವರು ಇವರೇ.

1999ರಲ್ಲಿ ಎಡಿನ್‌ಬರೋದಲ್ಲಿ ಮತ್ತೆ ಸ್ಕಾಟಿಷ್ ಸಂಸತ್ತು ಕೂತಿತು. 2014ರಲ್ಲಿ ಬೇರೆ ದೇಶವಾಗಬೇಕೇ ಎಂಬ ಮತದಾನ ನಡೆದು, ಶೇ. 55ರಷ್ಟು ಮಂದಿ ಬೇಡ ಎಂದರು. ಈ ನಡುವೆ ಅಲ್ಲಿನ ಅಡುಗೆಗೆ ಹೊಸ ಅಣಕವೂ ಅಂಟಿಕೊಂಡಿತ್ತು. 1990ರ ದಶಕದಲ್ಲಿ ಸ್ಟೋನ್‌ಹೇವನ್ ಊರಿನ ಮೀನು ಕರಿಯುವ ಅಂಗಡಿಯೊಂದು ಮಾರ್ಸ್ ಚಾಕಲೇಟನ್ನು ಹಿಟ್ಟಿನಲ್ಲಿ ಅದ್ದಿ ಕರಿದದ್ದೇ ಸುದ್ದಿಯಾಗಿ, ಇಡೀ ನಾಡೇ ಹೀಗೆ ತಿನ್ನುತ್ತದೆ ಎಂಬ ಮಾತು ಹಬ್ಬಿತು. ಜಾನ್ಸನ್ನನ ಕುದುರೆ ಮಾತಿಗೂ ಇದಕ್ಕೂ ಜಾಸ್ತಿ ವ್ಯತ್ಯಾಸ ನನಗೆ ಕಾಣುವುದಿಲ್ಲ. ಆ ಊರಿನಿಂದ ಅದೇ ಕರಾವಳಿಯಲ್ಲಿ ಕೆಳಗೆ ಹೋದರೆ ಆರ್‌ಬ್ರೋತ್ ಸಿಗುತ್ತದೆ. ಅಲ್ಲಿ ಹ್ಯಾಡಕ್ ಮೀನನ್ನು ಉಪ್ಪು ಹಾಕಿ, ಬಾಲಕ್ಕೆ ಬಾಲ ಕಟ್ಟಿ ಜೋಡಿಮಾಡಿ, ಕೋಲಿಗೆ ತೂಗುಹಾಕಿ, ಗಟ್ಟಿ ಮರದ ಬೆಂಕಿಯ ಮೇಲೆ ಒದ್ದೆ ಗೋಣಿ ಮುಚ್ಚಿ ಹೊಗೆಯಲ್ಲಿ ಬೇಯಿಸುತ್ತಾರೆ. ಇದೇ 'ಆರ್‌ಬ್ರೋತ್ ಸ್ಮೋಕಿ'. 2004ರಿಂದ ಆ ಹೆಸರಿಗೆ ಕಾನೂನಿನ ರಕ್ಷಣೆ ಇದೆ. ಊರಿನಿಂದ ಎಂಟು ಕಿಲೋಮೀಟರ್ ಆಚೆ ಮಾಡಿದ್ದಕ್ಕೆ ಆ ಹೆಸರಿಲ್ಲ.

ಹ್ಯಾಗಿಸ್‌ಗೆ ಇನ್ನೊಂದು ಅಡ್ಡಿ ಅಮೆರಿಕದಿಂದ ಬಂತು. ಆಹಾರದಲ್ಲಿ ಪ್ರಾಣಿಯ ಶ್ವಾಸಕೋಶ ಇರಬಾರದೆಂದು 1971ರಲ್ಲಿ ಅಲ್ಲಿ ನಿಯಮವಾಯಿತು. ಅಸಲಿ ಹ್ಯಾಗಿಸ್ ಆ ದೇಶಕ್ಕೆ ಹೋಗುವಂತಿಲ್ಲ. ತವರಿನಲ್ಲಿ ಮಾತ್ರ ಅದು ಹೊಸ ರೂಪ ತಾಳುತ್ತಲೇ ಇದೆ. 1984ರಲ್ಲಿ ಎಡಿನ್‌ಬರೋದ ಸ್ಕಾಟಿಷ್ ಪೊಯೆಟ್ರಿ ಲೈಬ್ರರಿ ಶುರುವಾದಾಗ ಮೆಕ್‌ಸ್ವೀನ್ ಎಂಬ ಕಸಾಯಿ ಕುಟುಂಬ ಅಲ್ಲಿನ ಊಟಕ್ಕೆಂದು ಬೇಳೆ, ಹುರುಳಿಕಾಯಿ ಬೀಜ, ತರಕಾರಿ, ಓಟ್ಸ್ ಹಾಕಿ ಸಸ್ಯಾಹಾರಿ ಹ್ಯಾಗಿಸ್ ಮಾಡಿಕೊಟ್ಟಿತು. ಅದೂ ಹುಟ್ಟಿದ್ದು ಪದ್ಯದ ನೆಪದಲ್ಲೇ ನೋಡಿ. ಈಗ ಅದು ಅಂಗಡಿಗಳಲ್ಲಿ ಸಲೀಸಾಗಿ ಸಿಗುತ್ತದೆ.

ಗ್ಲಾಸ್ಗೋದಲ್ಲಿ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಚಿಕನ್ ಟಿಕ್ಕಾ ಮಸಾಲಾ 1970ರ ದಶಕದಲ್ಲಿ ಅಲ್ಲಿನ ಶೀಶ್ ಮಹಲ್ ಹೋಟೆಲಿನಲ್ಲಿ ಹುಟ್ಟಿತು, ಅದರ ಮಾಲೀಕ ಅಲಿ ಅಹ್ಮದ್ ಅಸ್ಲಂ ಟೊಮೆಟೊ ಸೂಪಿಗೆ ಮಸಾಲೆ ಸೇರಿಸಿ ಮಾಡಿದರು ಎಂದು ಆ ಊರು ಹೇಳಿಕೊಳ್ಳುತ್ತದೆ. 2009ರಲ್ಲಿ ಅಲ್ಲಿನ ಸಂಸದ ಮೊಹಮ್ಮದ್ ಸರ್ವರ್ ಅದಕ್ಕೆ ಗ್ಲಾಸ್ಗೋ ಹೆಸರಿನಲ್ಲಿ ಕಾನೂನಿನ ರಕ್ಷಣೆ ಬೇಕೆಂದು ಬ್ರಿಟಿಷ್ ಸಂಸತ್ತಿನಲ್ಲಿ ಕೇಳಿದರು. ಅದೇ ಊರಿನ ಕರಿ ಹೋಟೆಲುಗಳ ಪಟ್ಟಿಯಲ್ಲಿ ಈಗ ಹ್ಯಾಗಿಸ್ ಪಕೋಡ ಇರುತ್ತದೆ. ಮೆಣಸು ಘಾಟಿನ ಆ ಹಳೆಯ ಹೂರಣವನ್ನೇ ಸಣ್ಣ ಉಂಡೆ ಕಟ್ಟಿ, ಖಾರದ ಕಡಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಾರೆ. ಪಕ್ಕದಲ್ಲಿ ಗುಲಾಬಿ ಬಣ್ಣದ ಸಾಸ್. ಉಂಡೆ ಮುರಿದರೆ ಒಳಗಿನಿಂದ ಓಟ್ಸ್ ಕಾಣುತ್ತದೆ, ಹಬೆ ಬರುತ್ತದೆ.