ಪದ ಪರಿಚಯ: ಬಹುಧ್ರುವ ಜಗತ್ತು ಅಂದ್ರೆ ಏನು?

ಟಿವಿ ಚರ್ಚೆ, ಮಂತ್ರಿಗಳ ಭಾಷಣ, ಕೆಎಎಸ್ ಕೋಚಿಂಗ್ ನೋಟ್ಸು, ಎಲ್ಲಿ ನೋಡಿದರೂ ಈಗ ಈ ಪದ. ಬಹುಧ್ರುವ ಜಗತ್ತು. ಕೆಲವರು ಬಹುಧ್ರುವೀಯ ಅಂತಾರೆ, ಎರಡೂ ಒಂದೇ. ಜಗತ್ತಿನ ವ್ಯವಹಾರದಲ್ಲಿ ಕೊನೇ ಮಾತು ಹೇಳುವ ತಾಕತ್ತು ಒಂದೇ ದೇಶದ ಕೈಯಲ್ಲಿಲ್ಲ, ಎರಡು ದೇಶಗಳ ಕೈಯಲ್ಲೂ ಇಲ್ಲ, ನಾಲ್ಕಾರು ಕಡೆ ಹಂಚಿಹೋಗಿದೆ ಅನ್ನುವ ಸ್ಥಿತಿಗೆ ಈ ಹೆಸರು. ಒಂದೇ ದೇಶದ ಮಾತು ನಡೆದರೆ ಏಕಧ್ರುವ. ಇಬ್ಬರು ಎದುರುಬದುರು ನಿಂತು ಉಳಿದವರೆಲ್ಲ ಒಂದೊಂದು ಕಡೆ ಸೇರಿಕೊಂಡರೆ ದ್ವಿಧ್ರುವ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಇಷ್ಟರಿಂದ ನಿಜವಾಗಿ ಏನು ಬದಲಾಗುತ್ತದೆ ಅನ್ನೋದು ಗೊತ್ತಾಗುವುದಿಲ್ಲ.

ಅದನ್ನು ನೋಡಬೇಕಾದರೆ ನಾವು ಕಲಬುರಗಿ, ಬೀದರ್ ಕಡೆಯವರು ವಾಷಿಂಗ್ಟನ್‌ವರೆಗೆ ಹೋಗಬೇಕಿಲ್ಲ. ನಮ್ಮ ಕೋಟೆಗಳ ಚರಿತ್ರೆಯಲ್ಲೇ ಇದೆ. 1347ರಲ್ಲಿ ಕಲಬುರಗಿಯಲ್ಲಿ ಬಹಮನಿ ರಾಜ್ಯ ಶುರುವಾಯಿತು. ತುಂಗಭದ್ರೆಯ ಆಚೆ ವಿಜಯನಗರ. ನಡುವೆ ರಾಯಚೂರು, ಮುದಗಲ್‌ನ ಎರೆ ಭೂಮಿ, ಅದಕ್ಕಾಗಿ ತಲೆಮಾರುಗಟ್ಟಲೆ ಜಗಳ. ರಾಜಧಾನಿ ಅಹ್ಮದ್ ಶಾ ಕಾಲದಲ್ಲಿ ಬೀದರ್‌ಗೆ ಹೋದ ಮೇಲೂ ಲೆಕ್ಕ ಹಾಗೇ ಇತ್ತು: ದಖನ್ನಿನಲ್ಲಿ ದೊಡ್ಡವರು ಇಬ್ಬರು, ವೈರಿ ಯಾರು ಅನ್ನೋದು ಇಬ್ಬರಿಗೂ ಗೊತ್ತು. ಇದು ದ್ವಿಧ್ರುವ. ರಕ್ತ ಜಾಸ್ತಿ ಹರಿಯಿತು, ಗೊಂದಲ ಕಡಿಮೆ ಇತ್ತು.

1481ರಲ್ಲಿ ಬಹಮನಿ ಸುಲ್ತಾನ ತನ್ನ ಮುಖ್ಯಮಂತ್ರಿ ಮಹಮೂದ್ ಗವಾನನ ತಲೆ ತೆಗೆಸಿದ ಮೇಲೆ ಬಹಮನಿ ರಾಜ್ಯ ಸಡಿಲಾಯಿತು. ಬಿಜಾಪುರ, ಅಹ್ಮದ್‌ನಗರ, ಗೋಲ್ಕೊಂಡ, ಬೇರಾರ್, ಬೀದರ್ ಅಂತ ಐದಾಯಿತು. ವಿಜಯನಗರ ಸೇರಿದರೆ ಆರು. ಇಲ್ಲಿಂದ ಆಟದ ರೀತಿಯೇ ಬದಲಾಯಿತು. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾ ಪಟ್ಟಕ್ಕೆ ಬರುವ ಮೊದಲು ಅಣ್ಣನಿಗೆ ಹೆದರಿ ಏಳು ವರ್ಷ ವಿಜಯನಗರದಲ್ಲಿ ಆಶ್ರಯ ಪಡೆದಿದ್ದ. ಬಿಜಾಪುರದ ಅಲಿ ಆದಿಲ್ ಶಾ ತಾನೇ ಹಂಪಿಗೆ ಹೋಗಿ ವಿಜಯನಗರದ ಆಡಳಿತ ಹಿಡಿದಿದ್ದ ರಾಮರಾಯನ ಸ್ನೇಹ ಬೇಡಿದ, ಅವನ ಸೈನ್ಯ ಕಟ್ಟಿಕೊಂಡು ಅಹ್ಮದ್‌ನಗರದ ಮೇಲೆ ಬಿದ್ದ. ಆಮೇಲೆ ಅದೇ ಅಹ್ಮದ್‌ನಗರದ ಮಗಳು ಚಾಂದ್ ಬೀಬಿಯನ್ನು ಮದುವೆಯಾದ, ಸೊಲ್ಲಾಪುರ ಕೋಟೆ ಬಳುವಳಿಯಾಗಿ ಬಂತು. 1565ರಲ್ಲಿ ಇವರೇ ಒಂದಾಗಿ ರಾಮರಾಯನನ್ನು ಮುಗಿಸಿದರು. ಬೀದರ್‌ನ ಬರೀದ್ ಶಾ ಕೂಡ ಆ ದಂಡಿನಲ್ಲಿದ್ದ. ಗೆದ್ದ ಮೇಲೆ ಮತ್ತೆ ಜಗಳ. 1574ರಲ್ಲಿ ಬೇರಾರನ್ನು ಅಹ್ಮದ್‌ನಗರ ನುಂಗಿತು, 1619ರಲ್ಲಿ ಬೀದರನ್ನು ಬಿಜಾಪುರ ನುಂಗಿತು, 1687ರ ಹೊತ್ತಿಗೆ ಉಳಿದವರನ್ನೆಲ್ಲ ಮೊಘಲರು ನುಂಗಿದರು.

ಧರ್ಮದ ಕಥೆಯಾಗಿ ಮಾತ್ರ ಇದನ್ನು ಓದುವವರಿಗೆ ಈ ಅಡ್ಡದಿಡ್ಡಿ ಸ್ನೇಹಗಳು ತಲೆನೋವು. ಬಹುಧ್ರುವ ರಾಜಕಾರಣ ಅಂತ ಓದಿದರೆ ಎಲ್ಲ ಸರಿಯಾಗಿ ಕೂರುತ್ತದೆ. ಇಲ್ಲಿ ಸ್ನೇಹ ಒಂದೊಂದು ವಿಷಯಕ್ಕೆ ಸೀಮಿತ. ಇವತ್ತು ಈ ಕೋಟೆಗೆ ನೀನು ನನ್ನ ಜೊತೆ, ನಾಳೆ ಆ ಕೋಟೆಗೆ ನೋಡೋಣ. ಚಿಕ್ಕವನಿಗೂ ಬೆಲೆ ಬರುತ್ತದೆ, ಯಾಕೆಂದರೆ ಅವನು ಯಾವ ಕಡೆ ವಾಲುತ್ತಾನೆ ಅನ್ನೋದರ ಮೇಲೆ ತಕ್ಕಡಿ ನಿಂತಿರುತ್ತದೆ. ಆದರೆ ಅವನು ಮುಳುಗುವಾಗ ಎತ್ತಲೇಬೇಕು ಅನ್ನುವವರು ಯಾರೂ ಇರುವುದಿಲ್ಲ.

ಈಗ ಜಗತ್ತಿಗೆ ಬರೋಣ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಎರಡು ಬಣ ಕಟ್ಟಿದವು. 1949ರಲ್ಲಿ ಅಮೆರಿಕದ ಕಡೆಯವರ ಸೇನಾ ಕೂಟ ನೇಟೊ, 1955ರಲ್ಲಿ ಸೋವಿಯತ್ ಕಡೆಯವರ ವಾರ್ಸಾ ಒಪ್ಪಂದ. ಎರಡೂ ಬೇಡ ಅಂದ ನೆಹರೂ, ಈಜಿಪ್ಟಿನ ನಾಸರ್, ಯುಗೊಸ್ಲಾವಿಯಾದ ಟಿಟೊ ಮುಂತಾದವರು 1961ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಸೇರಿ ಅಲಿಪ್ತ ಚಳವಳಿ ಅಂದರು. 1991ರ ಡಿಸೆಂಬರ್‌ನಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಅಲ್ಲಿಂದ ಸುಮಾರು ಹದಿನೈದು ವರ್ಷ ಏಕಧ್ರುವ ಕಾಲ. 2003ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಒಪ್ಪಿಗೆ ಕೊಡದಿದ್ದರೂ, ಮಿತ್ರರಾದ ಫ್ರಾನ್ಸ್, ಜರ್ಮನಿ ಬೇಡ ಅಂದರೂ ಅಮೆರಿಕ ಇರಾಕಿಗೆ ನುಗ್ಗಿತು. ತಡೆಯುವವರು ಯಾರೂ ಇರಲಿಲ್ಲ.

ಬದಲಾವಣೆ ಒಂದೇ ದಿನ ಆಗಲಿಲ್ಲ. 2001ರ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು, 2010ಕ್ಕೆ ಜಪಾನನ್ನು ಹಿಂದೆ ಹಾಕಿ ಎರಡನೇ ದೊಡ್ಡ ಆರ್ಥಿಕತೆ ಆಯಿತು. ನನ್ನ ಮಟ್ಟಿಗೆ ನಿಜವಾದ ತಿರುವು 2008. ಅಮೆರಿಕದ ಬ್ಯಾಂಕುಗಳು ಮಕಾಡೆ ಬಿದ್ದಾಗ ಜಿ7 ಶ್ರೀಮಂತರ ಸಭೆಯಿಂದ ಕೆಲಸ ಆಗುವುದಿಲ್ಲ ಅನ್ನೋದು ಗೊತ್ತಾಯಿತು. ಆ ವರ್ಷದ ನವೆಂಬರ್‌ನಲ್ಲಿ ವಾಷಿಂಗ್ಟನ್‌ನಲ್ಲೇ ಜಿ20 ನಾಯಕರ ಮೊದಲ ಸಭೆ ನಡೆಯಿತು. ಭಾರತ, ಬ್ರೆಜಿಲ್, ಇಂಡೊನೇಷ್ಯಾ ಎಲ್ಲ ಅದೇ ಮೇಜಿಗೆ. ಮರುವರ್ಷ ರಷ್ಯಾದ ಯೆಕಟೆರಿನ್‌ಬರ್ಗ್‌ನಲ್ಲಿ ಬ್ರಿಕ್ ದೇಶಗಳ, ಅಂದರೆ ಬ್ರೆಜಿಲ್, ರಷ್ಯಾ, ಭಾರತ, ಚೀನಾದ ಮೊದಲ ಶೃಂಗಸಭೆ. ದಕ್ಷಿಣ ಆಫ್ರಿಕಾ ಸೇರಿ ಅದು ಬ್ರಿಕ್ಸ್ ಆಯಿತು. 2024ರಲ್ಲಿ ಈಜಿಪ್ಟ್, ಇಥಿಯೋಪಿಯಾ, ಇರಾನ್, ಯುಎಇ, 2025ರಲ್ಲಿ ಇಂಡೊನೇಷ್ಯಾ ಸೇರಿದವು. ಬ್ರಿಕ್ಸ್ ಬ್ಯಾಂಕಿನ ಮೊದಲ ಅಧ್ಯಕ್ಷರು ನಮ್ಮ ಮಂಗಳೂರಿನ ಕೆ.ವಿ. ಕಾಮತ್, ಇದು ಸುಮ್ನೆ ಮಾತಿಗೆ ಹೇಳಿದೆ.

ಹೊಸ ಕಾಲದ ಗುರುತು ಹಿಡಿಯೋದು ಹೇಗೆ? ಯಾರು ಯಾರ ಜೊತೆ ಅಂತ ಒಂದು ಸಾಲಿನಲ್ಲಿ ಹೇಳಲು ಬಾರದಿದ್ದರೆ ಅದೇ ಗುರುತು. ಟರ್ಕಿ ನೇಟೊ ಸದಸ್ಯ, ಆದರೆ 2019ರಲ್ಲಿ ರಷ್ಯಾದಿಂದ ಎಸ್-400 ಕ್ಷಿಪಣಿ ತರಿಸಿಕೊಂಡಿತು. ಸೌದಿ ಅಮೆರಿಕದ ಹಳೇ ಗೆಳೆಯ, ಆದರೆ 2023ರ ಮಾರ್ಚ್‌ನಲ್ಲಿ ಇರಾನ್ ಜೊತೆ ರಾಜಿಗೆ ಕೂತದ್ದು ಬೀಜಿಂಗ್‌ನಲ್ಲಿ. ನಾವೇನು ಕಡಿಮೆಯಾ? 2018ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಜೊತೆ ಸೇನಾ ಸಂಪರ್ಕದ ಒಪ್ಪಂದಕ್ಕೆ ಸಹಿ ಹಾಕಿದೆವು, ಮುಂದಿನ ತಿಂಗಳೇ ರಷ್ಯಾದ ಜೊತೆ ಎಸ್-400ಗೆ ಸಹಿ ಹಾಕಿದೆವು. ಅಮೆರಿಕ, ಜಪಾನ್, ಆಸ್ಟ್ರೇಲಿಯಾ ಇರುವ ಕ್ವಾಡ್‌ನಲ್ಲೂ ಇದ್ದೇವೆ, ಚೀನಾ ರಷ್ಯಾ ಇರುವ ಶಾಂಘೈ ಸಹಕಾರ ಸಂಘಟನೆಯಲ್ಲೂ ಇದ್ದೇವೆ. 2022ರ ಮಾರ್ಚ್ 2ರಂದು ಉಕ್ರೇನ್ ವಿಷಯಕ್ಕೆ ವಿಶ್ವಸಂಸ್ಥೆಯಲ್ಲಿ 141 ದೇಶಗಳು ರಷ್ಯಾದ ವಿರುದ್ಧ ಕೈ ಎತ್ತಿದಾಗ ತಟಸ್ಥವಾಗಿ ಉಳಿದ 35ರಲ್ಲಿ ನಾವೂ ಒಬ್ಬರು. ಅದಕ್ಕೂ ಮೊದಲು ನಾವು ತರಿಸುತ್ತಿದ್ದ ಕಚ್ಚಾ ತೈಲದಲ್ಲಿ ರಷ್ಯಾದ ಪಾಲು ನೂರಕ್ಕೆ ಎರಡೂ ಇರಲಿಲ್ಲ. ಎರಡೇ ವರ್ಷದಲ್ಲಿ ಮೂರರಲ್ಲಿ ಒಂದು ಪಾಲು ದಾಟಿತು.

ಇದನ್ನೆಲ್ಲ ಬುದ್ಧಿವಂತಿಕೆ ಅಂತ ಹೊಗಳುವವರು ಬೆಲೆಯನ್ನೂ ಹೇಳಬೇಕು. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಮಾಲಿನ ಮೇಲೆ ಶೇ 25 ಸುಂಕ ಹಾಕಿತು, ರಷ್ಯಾದ ತೈಲದ ಹೆಸರಲ್ಲಿ ಇನ್ನೊಂದು 25 ಸೇರಿಸಿತು. ಆಗ ಒಟ್ಟು 50 ಆಯಿತು. ಎಲ್ಲರ ಜೊತೆ ಮಾತಾಡುವ ಸ್ವಾತಂತ್ರ್ಯ ಇದ್ದವನಿಗೆ ಎಲ್ಲರ ಏಟೂ ತಾಗುತ್ತದೆ, ಅಡ್ಡ ಬರುವವರು ಇರುವುದಿಲ್ಲ.

ನಮ್ಮ ಭಾಗಕ್ಕೆ ಇದು ಎಲ್ಲಿ ತಾಗುತ್ತದೆ ಅಂದರೆ ತೊಗರಿಯಲ್ಲಿ. ಕಲಬುರಗಿ ಗಂಜ್‌ನಲ್ಲಿ ರಾಶಿ ಮುಗಿದ ಮೇಲೆ ಒಂದು ಅಡತಿ ಅಂಗಡಿ ಮುಂದೆ ನಿಂತು ಕೇಳಿ ನೋಡಿ. "ಬರ್ಮಾ ಮಾಲ್ ಬಂದದ ರೀ, ಆಫ್ರಿಕಾದ್ದೂ ಹಡಗಿನ್ಯಾಗ ಅದ, ರೇಟ್ ಹ್ಯಾಂಗ ಏರತದ?" ಇಂಥ ಮಾತು ಅಲ್ಲಿ ಮಾಮೂಲು. ವ್ಯಾಪಾರಿಗಳು ಮ್ಯಾನ್ಮಾರ್ ತೊಗರಿಗೆ ಲೆಮನ್ ಅಂತಾರೆ, ಮೊಜಾಂಬಿಕ್‌ದಕ್ಕೆ ಗಜರಿ, ತಾಂಜಾನಿಯಾದ್ದಕ್ಕೆ ಅರುಷಾ. ವಿದೇಶಾಂಗ ಇಲಾಖೆಯ ಕಡತಗಳಲ್ಲಿ ಇರುವ ದೇಶಗಳೇ ಇಲ್ಲಿ ಚೀಲದ ಹೆಸರುಗಳು.

ಈ ಚೀಲಗಳ ಹಿಂದಿನ ಕಥೆ ನೋಡಿ. 2016ರ ಜುಲೈನಲ್ಲಿ ಪ್ರಧಾನಿ ಮೊಜಾಂಬಿಕ್‌ಗೆ ಹೋದಾಗ ಬೇಳೆಕಾಳಿನ ಒಪ್ಪಂದವಾಯಿತು. ವರ್ಷಕ್ಕೆ 2 ಲಕ್ಷ ಟನ್‌ವರೆಗೆ ಏರಿಸುವ ಮಾತು. ಆಫ್ರಿಕಾದಲ್ಲಿ ಚೀನಾ ಬಂದರು, ರಸ್ತೆ, ರೈಲು ಕಟ್ಟುತ್ತಿದ್ದ ಕಾಲ ಅದು. ನಮ್ಮ ಕೈಯಲ್ಲಿ ಅಷ್ಟು ದುಡ್ಡಿಲ್ಲ, ಆದರೆ ದೊಡ್ಡ ಮಾರುಕಟ್ಟೆ ಇದೆ. ನೀವು ಬೆಳೆಯಿರಿ, ನಾವು ಕೊಳ್ಳುತ್ತೇವೆ ಅನ್ನೋದು ನಮ್ಮ ಅಸ್ತ್ರ. 2021ರ ಫೆಬ್ರವರಿಯಲ್ಲಿ ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು, ಅಮೆರಿಕ ಮತ್ತು ಯುರೋಪ್ ನಿರ್ಬಂಧ ಹಾಕಿದವು. ಅದೇ ವರ್ಷ ನಾವು ಮ್ಯಾನ್ಮಾರ್ ಜೊತೆ ವರ್ಷಕ್ಕೆ 1 ಲಕ್ಷ ಟನ್ ತೊಗರಿ, 2.5 ಲಕ್ಷ ಟನ್ ಉದ್ದಿನ ಒಪ್ಪಂದ ಮಾಡಿಕೊಂಡೆವು, ಮಲಾವಿ ಜೊತೆ 50 ಸಾವಿರ ಟನ್ ತೊಗರಿಗೆ. ಪಕ್ಕದ ಮನೆಯವನನ್ನು ಪೂರ್ತಿ ಚೀನಾದ ಮಡಿಲಿಗೆ ಬಿಡಬಾರದು ಅನ್ನುವ ಲೆಕ್ಕ ದೆಹಲಿಗೆ ಯಾವಾಗಲೂ ಇದೆ, ಬೇಳೆ ಬೆಲೆ ಏರಬಾರದು ಅನ್ನುವ ಲೆಕ್ಕವೂ ಇದೆ. ಎರಡೂ ಒಂದೇ ಹಡಗಿನಲ್ಲಿ ಬರುತ್ತವೆ.

2023ರ ಡಿಸೆಂಬರ್‌ನಲ್ಲಿ ಹಳದಿ ಬಟಾಣಿಗೂ ಸುಂಕ ತೆಗೆದರು. ಅದು ಬರುವುದು ಮುಖ್ಯವಾಗಿ ಕೆನಡಾ ಮತ್ತು ರಷ್ಯಾದಿಂದ. ಮೂರು ತಿಂಗಳ ಹಿಂದಷ್ಟೇ ಕೆನಡಾ ಜೊತೆ ಒಬ್ಬರ ರಾಜತಾಂತ್ರಿಕ ಅಧಿಕಾರಿಯನ್ನು ಇನ್ನೊಬ್ಬರು ಹೊರಗೆ ಹಾಕುವಷ್ಟು ಜಗಳ ಆಗಿತ್ತು. ಬಟಾಣಿಗೆ ಅದು ಅಡ್ಡ ಬರಲಿಲ್ಲ. ಜಗಳ ಜಗಳದ ಜಾಗದಲ್ಲಿ, ವ್ಯಾಪಾರ ವ್ಯಾಪಾರದ ಜಾಗದಲ್ಲಿ.

ಪರಿಣಾಮ? 2024ರಲ್ಲಿ ಕ್ವಿಂಟಲ್‌ಗೆ 10 ಸಾವಿರ ದಾಟಿದ್ದ ತೊಗರಿ ದರ 2025ರ ಶುರುವಿಗೆ ಬೆಂಬಲ ಬೆಲೆ 7,550ರ ಆಸುಪಾಸಿಗೆ ಬಂದು ಕೂತಿತು. ನಮ್ಮಲ್ಲಿ ಬೆಳೆ ಚೆನ್ನಾಗಿ ಬಂದದ್ದೂ ಕಾರಣ ಹೌದು. ಆದರೆ 2024-25ರ ಹಣಕಾಸು ವರ್ಷದಲ್ಲಿ ಹೊರಗಿನಿಂದ ಬಂದ ತೊಗರಿ 10 ಲಕ್ಷ ಟನ್‌ಗೂ ಜಾಸ್ತಿ. 2019ರಲ್ಲಿ ಜಿಐ ಟ್ಯಾಗ್, ಅಂದರೆ ಭೌಗೋಳಿಕ ಗುರುತು ಸಿಕ್ಕಿದ ನಮ್ಮ ತೊಗರಿ, ಸುಂಕವಿಲ್ಲದೆ ಬಂದ ಗಜರಿ ಜೊತೆ ಅದೇ ಮಾರುಕಟ್ಟೆಯಲ್ಲಿ ತೂಗಬೇಕಾಯಿತು. ದೇಶಕ್ಕೆ ಆಯ್ಕೆ ಜಾಸ್ತಿಯಾದಾಗ ದೇಶದೊಳಗೆ ಎಲ್ಲರಿಗೂ ಲಾಭ ಆಗುತ್ತದೆ ಅಂತೇನಿಲ್ಲ. ಬೆಂಗಳೂರಿನಲ್ಲಿ ಸಾರಿನ ಬೇಳೆ ಕೊಳ್ಳುವವರಿಗೆ ಅದು ಒಳ್ಳೆಯದು, ಆಳಂದ, ಚಿತ್ತಾಪುರದ ರೈತನಿಗೆ ಅಲ್ಲ. ಈ ಮಾತು ಸ್ಟುಡಿಯೋ ಚರ್ಚೆಗಳಲ್ಲಿ ಬರುವುದೇ ಇಲ್ಲ.

ಇನ್ನು ಒಂದು ಪ್ರಶ್ನೆ. ಜಗತ್ತು ನಿಜಕ್ಕೂ ಬಹುಧ್ರುವ ಆಗಿದೆಯಾ? ಅದು ಯಾವುದನ್ನು ಅಳೆಯುತ್ತೀರಿ ಅನ್ನೋದರ ಮೇಲೆ ಹೋಗುತ್ತದೆ. 2024ರಲ್ಲಿ ಜಗತ್ತಿನ ಸೇನಾ ಖರ್ಚಿನಲ್ಲಿ ಅಮೆರಿಕದ್ದೇ ಸುಮಾರು ಶೇ 37. ಎರಡನೇ ಸ್ಥಾನದ ಚೀನಾ ಅದರ ಮೂರನೇ ಒಂದು ಭಾಗದ ಹತ್ತಿರ. ಕೇಂದ್ರ ಬ್ಯಾಂಕುಗಳು ಇಟ್ಟುಕೊಂಡಿರುವ ವಿದೇಶಿ ಹಣದಲ್ಲಿ ಅರ್ಧಕ್ಕಿಂತ ಜಾಸ್ತಿ ಇನ್ನೂ ಡಾಲರೇ, 1999ರ ಸುಮಾರಿಗೆ ಶೇ 70 ದಾಟಿತ್ತು ಅಷ್ಟೇ. ಕಾರ್ಖಾನೆ ಲೆಕ್ಕ ಹಿಡಿದರೆ ಚೀನಾ ಎಲ್ಲರಿಗಿಂತ ಮುಂದೆ. ಬಂದೂಕಿನಲ್ಲಿ ಒಬ್ಬ, ಕಾರ್ಖಾನೆಯಲ್ಲಿ ಇಬ್ಬರು, ತೈಲ, ಧಾನ್ಯ, ವಿಶ್ವಸಂಸ್ಥೆಯ ಮತದಾನದಲ್ಲಿ ಹತ್ತಾರು ಜನ. ನನಗನ್ನಿಸುವಂತೆ ನಾವಿರುವುದು ಪೂರ್ತಿ ಬಹುಧ್ರುವ ಜಗತ್ತಲ್ಲ, ಅದರ ಕಡೆಗೆ ಹೊರಟು ಅರ್ಧ ದಾರಿಯಲ್ಲಿ ನಿಂತ ಜಗತ್ತು.

ಪದ ಬಳಸುವವರು ಯಾರು ಅಂತಲೂ ನೋಡಬೇಕು. 1997ರ ಏಪ್ರಿಲ್‌ನಲ್ಲಿ ರಷ್ಯಾದ ಯೆಲ್ಟ್ಸಿನ್ ಮತ್ತು ಚೀನಾದ ಜಿಯಾಂಗ್ ಜೆಮಿನ್ ಬಹುಧ್ರುವ ಜಗತ್ತಿನ ಬಗ್ಗೆ ಜಂಟಿ ಘೋಷಣೆಗೇ ಸಹಿ ಹಾಕಿದ್ದರು. ಅವರ ಬಾಯಲ್ಲಿ ಅದರ ಅರ್ಥ ಅಮೆರಿಕ ಸ್ವಲ್ಪ ಪಕ್ಕಕ್ಕೆ ಸರಿಯಲಿ ಅಂತ. ಭಾರತದ ವಿದೇಶಾಂಗ ಸಚಿವ ಜೈಶಂಕರ್ ಬಹುಧ್ರುವ ಜಗತ್ತಿನ ಜೊತೆಗೆ ಬಹುಧ್ರುವ ಏಷ್ಯಾ ಕೂಡ ಬೇಕು ಅಂತಾರೆ. ಏಷ್ಯಾದಲ್ಲಿ ಚೀನಾ ಒಂದೇ ಯಜಮಾನ ಆಗಬಾರದು ಅನ್ನೋದು ಅದರ ಒಳಗಿನ ಮಾತು. 2025ರ ಜನವರಿಯಲ್ಲಿ ಅಮೆರಿಕದ ವಿದೇಶಾಂಗ ಸಚಿವ ಮಾರ್ಕೊ ರುಬಿಯೊ ಕೂಡ ಏಕಧ್ರುವ ಕಾಲ ಒಂದು ಅಪವಾದ, ಜಗತ್ತು ಬಹುಧ್ರುವದ ಕಡೆಗೇ ಮರಳುತ್ತಿದೆ ಅನ್ನುವ ಅರ್ಥದ ಮಾತಾಡಿದರು. ಅವರ ಬಾಯಲ್ಲಿ ಅದು ಎಲ್ಲರ ಭಾರ ನಾವೇ ಯಾಕೆ ಹೊರಬೇಕು ಅನ್ನೋದಕ್ಕೆ ಪೀಠಿಕೆ. ಮೂರೂ ಕಡೆಯವರು ಹೇಳಿದ್ದು ಒಂದೇ ಪದ, ಬೇಡಿದ್ದು ಮಾತ್ರ ಬೇರೆ ಬೇರೆ.

ಇಷ್ಟೆಲ್ಲ ಅಲ್ಲಾಡಿದರೂ ಅಲ್ಲಾಡದೆ ಕೂತಿರುವುದು ಭದ್ರತಾ ಮಂಡಳಿ. ನಮ್ಮ ಭಾಗದ ವಿಷಯವೂ ಒಮ್ಮೆ ಅಲ್ಲಿಗೆ ಹೋಗಿತ್ತು, ಎಷ್ಟು ಜನಕ್ಕೆ ಗೊತ್ತೋ. 1948ರ ಆಗಸ್ಟ್‌ನಲ್ಲಿ ಹೈದರಾಬಾದ್ ನಿಜಾಮರ ಸರ್ಕಾರ ಭಾರತದ ಮೇಲೆ ಅಲ್ಲಿ ದೂರು ಕೊಟ್ಟಿತು. ಸೆಪ್ಟೆಂಬರ್ 16ರಂದು ಮಂಡಳಿ ಅದನ್ನು ಕೈಗೆತ್ತಿಕೊಂಡಿತು, ಮರುದಿನವೇ ನಿಜಾಮರು ಶರಣಾದರು. ಅಂದು ಕೂತಿದ್ದ ಐದು ಖಾಯಂ ಕುರ್ಚಿಗಳೇ ಇಂದಿಗೂ ಇವೆ. ಚೀನಾದ ಕುರ್ಚಿ 1971ರಲ್ಲಿ ಬೀಜಿಂಗ್ ಸರ್ಕಾರಕ್ಕೆ ಹೋಯಿತು, ಸೋವಿಯತ್ ಕುರ್ಚಿ 1991ರಲ್ಲಿ ರಷ್ಯಾಕ್ಕೆ. 1965ರಲ್ಲಿ ಮಂಡಳಿ 11ರಿಂದ 15ಕ್ಕೆ ಏರಿದಾಗಲೂ ಖಾಯಂ ಐದೇ ಉಳಿದವು. ಆಫ್ರಿಕಾದಿಂದ ಒಬ್ಬರಿಲ್ಲ, ಲ್ಯಾಟಿನ್ ಅಮೆರಿಕದಿಂದ ಒಬ್ಬರಿಲ್ಲ, ಜಗತ್ತಿನಲ್ಲೇ ಜಾಸ್ತಿ ಜನ ಇರುವ ಭಾರತವೂ ಇಲ್ಲ. ಹೊಸಬರಿಗೆ ಕುರ್ಚಿ ಕೊಡಬೇಕೆಂದರೆ ಸದಸ್ಯ ದೇಶಗಳಲ್ಲಿ ಮೂರನೇ ಎರಡು ಭಾಗ ಒಪ್ಪಬೇಕು, ಜೊತೆಗೆ ಈ ಐವರೂ ಒಪ್ಪಬೇಕು. ಭಾರತ, ಬ್ರೆಜಿಲ್, ಜರ್ಮನಿ, ಜಪಾನ್ ಸೇರಿ 2005ರಲ್ಲೇ ಕರಡು ನಿರ್ಣಯ ಮಂಡಿಸಿದ್ದವು. ಅದು ಮತದಾನದವರೆಗೂ ಹೋಗಲಿಲ್ಲ.