ನಗರದ ನೆರೆ ಅಪಾಯ ನಕ್ಷೆ: ಗರಿಷ್ಠ ಆಳವನ್ನೂ ಗರಿಷ್ಠ ವೇಗವನ್ನೂ ಗುಣಿಸಬೇಡಿ

ಮೊದಲು ಹರಿವು. ನದಿಯ ಪ್ರತಿ ವರ್ಷದ ಗರಿಷ್ಠ ಹರಿವನ್ನು ಪಟ್ಟಿ ಮಾಡಿ, ಗಂಬೆಲ್ ವಿತರಣೆಗೆ (ಅಪರೂಪದ ಗರಿಷ್ಠಗಳ ಸಂಭವ ಅಂದಾಜಿಸುವ ಸಂಖ್ಯಾಶಾಸ್ತ್ರದ ಸೂತ್ರ) ಹೊಂದಿಸಿ, 100 ವರ್ಷದ ನೆರೆಯ ಹರಿವು ತೆಗೆಯಿರಿ. ಇದು ವರ್ಷಕ್ಕೆ ಶೇ 1ರ ಸಂಭವ. 30 ವರ್ಷಗಳಲ್ಲಿ ಒಮ್ಮೆಯಾದರೂ ಬರುವ ಸಂಭವ ಸುಮಾರು ಶೇ 26.

ಆಮೇಲೆ ನೆಲದ ಎತ್ತರ. 30 ಮೀಟರ್ ಚೌಕದ ಉಪಗ್ರಹ ದತ್ತಾಂಶ ಬೀದಿಗಳಿಗೆ ಸಾಲದು. ಮನೆ, ರಸ್ತೆ ಒಂದೇ ಚೌಕದಲ್ಲಿ ಕಲಸಿಹೋಗುತ್ತವೆ. 1–2 ಮೀಟರ್ ಚೌಕದ ಲೈಡಾರ್ (ಲೇಸರ್ ಕಿರಣದಿಂದ ಅಳೆದ ನೆಲದ ಎತ್ತರ) ಸಿಕ್ಕರೆ ಅದನ್ನೇ ಹಿಡಿಯಿರಿ. ಅದರಲ್ಲೂ ಸೇತುವೆ ನದಿಗೆ ಅಡ್ಡಗೋಡೆಯಾಗಿ ಉಳಿದಿದ್ದರೆ ಮೇಲ್ಗಡೆ ಇಲ್ಲದ ಕೆರೆಯೊಂದು ನಿಲ್ಲುತ್ತದೆ. ಸೇತುವೆಯನ್ನು ಕತ್ತರಿಸಿ ತೆಗೆದು, ಅದರ ಕಿಂಡಿಯನ್ನು ಮಾದರಿಯಲ್ಲಿ (ನೆರೆನೀರು ಹರಿಯುವುದನ್ನು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿ) ಬೇರೆಯಾಗಿ ಕೊಡಿ.

ಈಗ ಎಲ್ಲರೂ ಎಡವುವ ಹಂತ. ಬ್ರಿಟನ್ನಿನಲ್ಲಿ ಬಳಸುವ ಸೂತ್ರ ಹೀಗಿದೆ:

ಅಪಾಯ ಅಂಕ = ಆಳ × (ವೇಗ + 0.5) + ತೇಲುವಸ್ತು ಅಂಕ

ಆಳ ಮೀಟರಿನಲ್ಲಿ, ವೇಗ ಸೆಕೆಂಡಿಗೆ ಮೀಟರಿನಲ್ಲಿ. ತೇಲುವಸ್ತು ಅಂಕ ನೀರಲ್ಲಿ ತೇಲಿಬರುವ ವಸ್ತುಗಳಿಂದಾಗುವ ಅಪಾಯಕ್ಕೆ. ನಗರದಲ್ಲಿ ಆಳ 0.25 ಮೀಟರ್ ದಾಟಿದರೆ ತೇಲುವಸ್ತು ಅಂಕ 1. ಒಟ್ಟು ಅಂಕ 0.75ರಿಂದ 1.25 ಇದ್ದರೆ ಮಕ್ಕಳು, ವೃದ್ಧರಂಥ ಕೆಲವರಿಗೆ ಅಪಾಯ, 2.0ರವರೆಗೆ ಬಹುತೇಕರಿಗೆ, ಅದರಾಚೆ ರಕ್ಷಣಾ ಸಿಬ್ಬಂದಿಯೂ ಸೇರಿ ಎಲ್ಲರಿಗೂ.

ಮಾದರಿ ಮುಗಿದಾಗ ಗರಿಷ್ಠ ಆಳದ ಪದರ, ಗರಿಷ್ಠ ವೇಗದ ಪದರ ಎರಡೂ ಸಿದ್ಧವಾಗಿ ಕೈಗೆ ಬರುತ್ತವೆ. ಎರಡನ್ನೂ ಸೂತ್ರಕ್ಕೆ ಹಾಕಿಬಿಡುವ ಆಸೆಯಾಗುತ್ತದೆ. ತಪ್ಪು, ಏಕೆಂದರೆ ಎರಡೂ ಒಂದೇ ಗಳಿಗೆಯಲ್ಲಿ ಬಂದಿರಬೇಕೆಂದಿಲ್ಲ. ಒಂದು ಬೀದಿಯ ಚೌಕ ನೋಡಿ. ನೀರು ನುಗ್ಗುವಾಗ ಆಳ 0.3, ವೇಗ 1.0: 0.3 × 1.5 + 1 = 1.45. ನೀರು ತುಂಬಿ ನಿಂತ ಮೇಲೆ ಆಳ 0.9, ವೇಗ 0.1: 0.9 × 0.6 + 1 = 1.54. ಈ ಎರಡರಲ್ಲಿ ದೊಡ್ಡದು 1.54, ಬಹುತೇಕರಿಗೆ ಅಪಾಯ. ಗರಿಷ್ಠಗಳನ್ನೇ ಬೆರೆಸಿದರೆ 0.9 × 1.5 + 1 = 2.35! ಯಾವ ಗಳಿಗೆಯಲ್ಲೂ ಇಲ್ಲದ ಅಪಾಯವೊಂದು ನಕ್ಷೆಯಲ್ಲಿ ಕಡುಗೆಂಪಾಗಿ ಕೂರುತ್ತದೆ, ತೆರವಿಗೆ ಬಳಸಬಹುದಾಗಿದ್ದ ದಾರಿ ಮುಚ್ಚಿದಂತೆ ಕಾಣುತ್ತದೆ.

ಆದ್ದರಿಂದ ಪ್ರತಿ ಕಾಲಹಂತಕ್ಕೂ ಅಂಕ ಲೆಕ್ಕ ಹಾಕಿ, ಆಮೇಲೆ ಆ ಅಂಕಗಳ ಗರಿಷ್ಠ ತೆಗೆಯಿರಿ. ಫಲಿತಾಂಶ ಉಳಿಸುವ ಅಂತರವನ್ನು 5 ನಿಮಿಷದ ಆಸುಪಾಸು ಇಡಿ. ಗಂಟೆಗೊಮ್ಮೆ ಉಳಿಸಿದರೆ ನೀರು ನುಗ್ಗಿದ ಕ್ಷಣವೇ ತಪ್ಪಿಹೋಗುತ್ತದೆ. ನದಿದಂಡೆಯ ಹತ್ತಿರದ ನಾಲ್ಕೈದು ಚೌಕಗಳನ್ನು ಕೈಲೆಕ್ಕದಲ್ಲಿ ಪರೀಕ್ಷಿಸಿ. ಕೊನೆಗೆ ಸೇತುವೆಯ ಕಿಂಡಿ ಅರ್ಧ ಕಟ್ಟಿಕೊಂಡಿದೆ ಎಂದಿಟ್ಟು ಇನ್ನೊಂದು ಸಲ ಓಡಿಸಿ, ಆ ನಕ್ಷೆಯನ್ನೂ ಜೊತೆಗೇ ಕೊಡಿ.